ಕಡ್ಡಿ ತೂರುವಷ್ಟು ಜಾಗ

"ಗುರುಗಳೇ, ಪೋಲಾಗುತ್ತಿರುವ ಹೊತ್ತನ್ನು ಒಳ್ಳೆಯ ಕೆಲಸಕ್ಕೆ ಬಳಸಿಕೊಳ್ಳುವುದು ತಪ್ಪೇ?"

ಕೇಳಿದವನು ಚೆನ್ನಮಲ್ಲಪ್ಪ. ಮಠದ ನೇಯ್ಗೆಶಾಲೆಯನ್ನು ನೋಡಿಕೊಳ್ಳುವ ಶಿಷ್ಯ. ಅಲ್ಲಿ ಇಪ್ಪತ್ತೆರಡು ಹೆಂಗಸರು ಮಗ್ಗದ ಮುಂದೆ ಕೂತು ಸೀರೆ ನೇಯುತ್ತಾರೆ. ಹೆಚ್ಚಿನವರು ಗಂಡನನ್ನು ಕಳೆದುಕೊಂಡವರು, ಉಳಿದವರು ಗಂಡ ಬಿಟ್ಟುಹೋದವರು. ಬೆಳಿಗ್ಗೆ ಎಂಟಕ್ಕೆ ಬರುತ್ತಾರೆ, ಸಂಜೆ ಐದಕ್ಕೆ ಹೋಗುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ಅವರಿಗೆ ಒಂದು ಗಂಟೆ ಬಿಡುವು.

"ಆ ಒಂದು ಗಂಟೆಯಲ್ಲಿ ಅವರು ಏನೂ ಮಾಡುವುದಿಲ್ಲ," ಎಂದ ಚೆನ್ನಮಲ್ಲಪ್ಪ. "ಹೊಂಗೆ ಮರದ ಕೆಳಗೆ ಸುಮ್ಮನೆ ಕೂತಿರುತ್ತಾರೆ. ನಾನು ದಿನವೂ ಕಿಟಕಿಯಿಂದ ನೋಡುತ್ತೇನೆ. ಆ ಬಿಡುವನ್ನು ತೆಗೆದು ಮಗ್ಗ ನಿಲ್ಲದಂತೆ ಪಾಳಿ ಮಾಡಿದರೆ ಇದೇ ಮಗ್ಗಗಳಲ್ಲಿ ಇನ್ನೂ ನಾಲ್ವರಿಗೆ ಕೆಲಸ ಕೊಡಬಹುದು. ಆ ನಾಲ್ವರು ಎರಡು ತಿಂಗಳಿಂದ ನಮ್ಮ ಬಾಗಿಲಿಗೆ ಬಂದು ಹೋಗುತ್ತಿದ್ದಾರೆ. ಅವರನ್ನು ಬರಿಗೈಯಲ್ಲಿ ಕಳಿಸುವಾಗ ನನಗೆ ಸಂಕಟವಾಗುತ್ತದೆ."

ಅವನು ಒಂದು ಹಾಳೆಯನ್ನು ಗುರುಗಳ ಮುಂದಿಟ್ಟ. ಪಾಳಿಯ ಪಟ್ಟಿ ಅದರಲ್ಲಿತ್ತು. ಗುರುಗಳು ಕನ್ನಡಕ ಏರಿಸಿ ನೋಡಿದರು.

"ಗೆರೆ ಚೆನ್ನಾಗಿ ಎಳೆದಿದ್ದೀಯ," ಎಂದರು. "ಎಲ್ಲಿಯೂ ವಕ್ರವಾಗಿಲ್ಲ. ನಿನ್ನ ಮನಸ್ಸೂ ಒಳ್ಳೆಯದೇ. ಅದಕ್ಕೇ ನನಗೆ ಹೆದರಿಕೆ. ಕೂತುಕೋ, ಒಂದು ಸೈಕಲ್ಲಿನ ಕತೆ ಹೇಳುತ್ತೇನೆ. ನಡುವೆ ಗಡಿಯಾರ ನೋಡಬೇಡ."

ಚೆನ್ನಮಲ್ಲಪ್ಪ ಕೂತ. ಗುರುಗಳು ಹೇಳತೊಡಗಿದರು.

ಒಂದು ಬೆಟ್ಟದ ಬುಡದಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಬೆಟ್ಟದ ಮೇಲೆ ಏಳು ಹಟ್ಟಿಗಳು. ಅಲ್ಲಿಗೆ ರಸ್ತೆಯಿಲ್ಲ, ಆಸ್ಪತ್ರೆಯ ಗಾಡಿ ಹತ್ತುವುದಿಲ್ಲ. ಹಟ್ಟಿಯ ಹೆಂಗಸರಿಗೆ ನೋವು ಶುರುವಾದರೆ ಯಾರಾದರೂ ಕೆಳಗೆ ಓಡಿ ಬರುವರು, ಇವಳು ಮೇಲಕ್ಕೆ ಹೋಗುವಳು. ಮೂವತ್ತು ವರ್ಷ ಹಾಗೆ ನಡೆದಿತ್ತು. ಆ ಏಳು ಹಟ್ಟಿಗಳಲ್ಲಿ ಮೂವತ್ತರ ಒಳಗಿನವರೆಲ್ಲ ಅವಳ ಕೈಯಲ್ಲೇ ಭೂಮಿಗೆ ಬಂದವರು.

ಅವಳ ಗಂಡನ ಹತ್ತಿರ ಒಂದು ಬೆಟ್ಟದ ಸೈಕಲ್ ಇತ್ತು. ಗೇರ್ ಇರುವಂಥದ್ದು, ಕಬ್ಬಿಣದ ದಪ್ಪ ಫ್ರೇಮು. ಅರಣ್ಯದ ಒಬ್ಬ ಅಧಿಕಾರಿ ವರ್ಗವಾಗಿ ಹೋಗುವಾಗ ಬಿಟ್ಟುಹೋಗಿದ್ದು. ಅದಕ್ಕೆ ಅವನು ಹಿಂದೆ ಒಂದು ಕ್ಯಾರಿಯರ್ ಬೆಸೆಸಿದ್ದ. ಕ್ಯಾರಿಯರಿನ ಮೇಲೆ ಗೋಣಿಚೀಲ ಮಡಿಸಿ ಹಾಕಿ ಹೆಂಡತಿಯನ್ನು ಕೂರಿಸಿಕೊಂಡು ಬೆಟ್ಟ ಹತ್ತುವನು. ದಾರಿ ಬೆಟ್ಟವನ್ನು ಸುತ್ತಿಕೊಂಡು ಹೋಗುತ್ತಿತ್ತು. ತೀರ ಕಡಿದಾದ ಕಡೆ ಇಬ್ಬರೂ ಇಳಿದು ತಳ್ಳುವರು. ನಡೆದರೆ ಮೂರು ಗಂಟೆಯಾಗುವ ದಾರಿ ಸೈಕಲ್ಲಿನಲ್ಲಿ ಒಂದೂವರೆ ಗಂಟೆಯಾಗುತ್ತಿತ್ತು. ಹೆರಿಗೆಯಲ್ಲಿ ಒಂದೂವರೆ ಗಂಟೆ ಎಂದರೆ ಏನೆಂದು ನಿನಗೂ ನನಗೂ ಗೊತ್ತಿಲ್ಲ. ಗೊತ್ತಿರುವವರು ಬೇರೆ.

ದಾರಿಯ ನಡುವೆ ಒಂದು ಫರ್ಲಾಂಗಿನಷ್ಟು ಬರೀ ಕಲ್ಲು. ಆ ಸೈಕಲ್ಲಿನ ಚಕ್ರ ಚಿಕ್ಕದು. ಎರಡು ಕಲ್ಲುಗಳ ನಡುವಿನ ಸಂದಿಗೆ ಇಳಿದರೆ ಮೇಲೆ ಏಳುತ್ತಿರಲಿಲ್ಲ. ಅಲ್ಲಿ ಸೂಲಗಿತ್ತಿ ಇಳಿದು ತನ್ನ ಹೆರಿಗೆ ಸಾಮಾನಿನ ಗಂಟು ಹಿಡಿದುಕೊಂಡು ನಡೆಯುವಳು. ಅವಳಿಗೆ ಐವತ್ತು ದಾಟಿತ್ತು. ಮಂಡಿ ಹಿಡಿದುಕೊಂಡು ನಡೆಯುವುದನ್ನು ಗಂಡ ನೋಡುವನು. ಬಾಯಿಬಿಟ್ಟು ಹೇಳುವ ಗಂಡಸಲ್ಲ. ಏನಾದರೂ ಮಾಡಿ ತೋರಿಸುವ ಜಾತಿ.

ಒಂದು ಸಲ ಅವನು ಪಟ್ಟಣಕ್ಕೆ ಹೋಗಿದ್ದಾಗ ಈಗಿನ ಕಾಲದ ಬೆಟ್ಟದ ಸೈಕಲ್ಲುಗಳನ್ನು ನೋಡಿದ. ಅವುಗಳ ಚಕ್ರ ದೊಡ್ಡದು, ಟೈರು ದಪ್ಪ. ಒಬ್ಬ ಹುಡುಗಿ ಅಂಥದ್ದರಲ್ಲಿ ಕೂತು ಮೆಟ್ಟಿಲುಗಳನ್ನೇ ಇಳಿದುಹೋದಳು. ಚಕ್ರ ದೊಡ್ಡದಾದರೆ ಸಂದಿಗೆ ಬೀಳುವುದಿಲ್ಲ ಎಂದು ಅವನಿಗೆ ಹೊಳೆಯಿತು. ಹೊಳೆದದ್ದು ನಿಜವೂ ಹೌದು. ಹೇಗೋ ಹೊಂದಿಸಿ ಒಂದು ಜೊತೆ ದೊಡ್ಡ ಚಕ್ರ, ಒಂದು ಜೊತೆ ದಪ್ಪ ಟೈರು ತಂದ. ಹೆಂಡತಿಗೆ ಹೇಳಲಿಲ್ಲ. ಮಾಡಿ ಮುಗಿಸಿ ತೋರಿಸಬೇಕು ಎಂಬ ಆಸೆ.

ಆ ಊರಿನಲ್ಲಿ ಒಬ್ಬ ಸೈಕಲ್ ರಿಪೇರಿಯವನು ಇದ್ದ. ಕೆಲಸದಲ್ಲಿ ಗಟ್ಟಿಗ. ಅದು ಅವನಿಗೂ ಗೊತ್ತಿತ್ತು, ಅದೇ ಸ್ವಲ್ಪ ತೊಂದರೆ. ಅವನು ಹಳೆಯ ಫ್ರೇಮಿನೊಳಗೆ ಹೊಸ ಚಕ್ರವನ್ನು ಹಿಡಿದು ನೋಡಿ ತಲೆ ಕೆರೆದುಕೊಂಡ.

"ಈ ಫ್ರೇಮು ಹುಟ್ಟಿದ್ದೇ ಚಿಕ್ಕ ಚಕ್ರಕ್ಕೆ ಕಣಣ್ಣ," ಎಂದ. "ಕೂರ್ಸೋದಾದ್ರೆ ಒಳಗಡೆ ಒಸಿ ಕುಟ್ಟಬೇಕಾಯ್ತದೆ."

"ಕುಟ್ಟು," ಎಂದ ಗಂಡ. "ಅವಳು ಆ ಕಲ್ಲಲ್ಲಿ ಇಳಿದು ನಡೆಯೋದನ್ನ ನಂಗೆ ನೋಡಕ್ಕಾಗಲ್ಲ."

ರಿಪೇರಿಯವನು ಮೂರು ದಿನ ಕೂತ. ಹಿಂಚಕ್ರದ ಎರಡೂ ಬದಿಯ ಕೊಳವೆಗಳನ್ನು ಒಳಬದಿಯಲ್ಲಿ ಕಾಯಿಸಿ ಕುಟ್ಟಿ ತಗ್ಗು ಮಾಡಿದ. ಹಳೆಯ ಬ್ರೇಕಿನ ರಬ್ಬರು ಹೊಸ ರಿಮ್ಮಿಗೆ ಎಟುಕುತ್ತಿರಲಿಲ್ಲ. ಅದಕ್ಕೆ ಒಂದೊಂದು ಪಟ್ಟಿ ಸೇರಿಸಿ ಎತ್ತರಿಸಿದ. ಮುಂದಿನ ಫೋರ್ಕಿನಲ್ಲಿ ಟೈರು ಮೇಲಕ್ಕೆ ತಾಗುತ್ತಿತ್ತು, ಅಲ್ಲಿ ಅರ ಹಾಕಿ ಉಜ್ಜಿದ. ನಾಲ್ಕನೆಯ ದಿನ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಚಕ್ರ ತಿರುಗಿಸಿದ. ಎಲ್ಲೂ ತಾಗದೆ ತಿರುಗಿತು.

ಅವನ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಟೈರಿಗೂ ಫ್ರೇಮಿಗೂ ನಡುವೆ ಒಂದು ಅಂಚೆ ಕಾರ್ಡನ್ನು ತೂರಿಸಿ ಚಕ್ರವನ್ನು ಒಂದು ಸುತ್ತು ತಿರುಗಿಸುವನು. ಕಾರ್ಡು ಎಲ್ಲಿಯೂ ಸಿಕ್ಕಿಕೊಳ್ಳದಿದ್ದರೆ ಕೆಲಸ ಸರಿಯಾಗಿದೆ ಎಂದು ಲೆಕ್ಕ. ಅಂದು ಕಾರ್ಡು ಸಿಕ್ಕಿಕೊಳ್ಳಲಿಲ್ಲ. ಅವನು ಕೈ ಒರೆಸಿಕೊಂಡು, "ಇನ್ನೇನು ಬೇಕಪ್ಪ ನಿಂಗೆ?" ಎಂದ. ಗಂಡನಿಗೆ ಇನ್ನೇನೂ ಬೇಕಾಗಿರಲಿಲ್ಲ. ಅವನು ಹೋಗಿ ಹೆಂಡತಿಯನ್ನು ಕರೆದುಕೊಂಡು ಬಂದ.

ಅವಳು ಸೈಕಲ್ಲನ್ನು ಸುತ್ತಿ ಬಂದು ನೋಡಿದಳು. ಕೂತು, ಹಿಂಚಕ್ರ ಮತ್ತು ಫ್ರೇಮಿನ ನಡುವೆ ಕಿರುಬೆರಳಿಟ್ಟು ನೋಡಿದಳು. ಬೆರಳು ಹೋಗಲಿಲ್ಲ. ಅವಳು ತಲೆಯೆತ್ತಿ ಗಂಡನ ಮುಖ ನೋಡಿದಳು. ಮದುವೆಯಾದ ಹೊಸದರಲ್ಲಿಯೂ ಅವನ ಮುಖದಲ್ಲಿ ಅಷ್ಟು ಸಂತೋಷ ಅವಳು ಕಂಡಿರಲಿಲ್ಲ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು, "ಚೆನ್ನಾಗದೆ," ಎಂದಳು.

ಇಲ್ಲಿ ಗುರುಗಳು ನಿಲ್ಲಿಸಿ ಒಂದು ಗುಟುಕು ನೀರು ಕುಡಿದರು. ಚೆನ್ನಮಲ್ಲಪ್ಪ ಕತೆ ಮುಗಿಯಿತೆಂದುಕೊಂಡು ಹಾಳೆಯ ಕಡೆಗೆ ಕೈ ಚಾಚಿದ.

"ಇರು," ಎಂದರು ಗುರುಗಳು. "ಇನ್ನೂ ಮಳೆ ಬಂದಿಲ್ಲ."

ಮತ್ತೆ ಮುಂದುವರಿಸಿದರು.

ಅದು ಬೇಸಿಗೆ. ನಾಲ್ಕು ತಿಂಗಳು ಆ ಸೈಕಲ್ ಓಡಿದ್ದೇ ಓಡಿದ್ದು. ಕಲ್ಲಿನ ಫರ್ಲಾಂಗಿನಲ್ಲಿ ದೊಡ್ಡ ಚಕ್ರ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಉರುಳಿಕೊಂಡು ಹೋಯಿತು. ಸೂಲಗಿತ್ತಿ ಇಳಿಯಬೇಕಾಗಲಿಲ್ಲ. ಒಂದೂವರೆ ಗಂಟೆಯ ದಾರಿ ಒಂದೇ ಗಂಟೆಗೆ ಇಳಿಯಿತು. ಆ ಬೇಸಿಗೆಯಲ್ಲಿ ಆರು ಹೆರಿಗೆಗಳಾದವು, ಆರಕ್ಕೂ ಅವಳು ಮೊದಲೇ ಹೋಗಿ ಮುಟ್ಟಿದಳು. ಸೈಕಲ್ ಎತ್ತರವಾಗಿದ್ದರಿಂದ ಕ್ಯಾರಿಯರ್ ಹತ್ತಲು ಅವಳಿಗೆ ಒಂದು ಕಲ್ಲು ಬೇಕಾಗುತ್ತಿತ್ತು. ತಿರುವಿನಲ್ಲಿ ಮುಂಚಕ್ರ ಗಂಡನ ಕಾಲ್ಬೆರಳಿಗೆ ತಾಗುತ್ತಿತ್ತು. ಅವನು ಕಾಲನ್ನು ಹಿಂದಕ್ಕೆ ಇಟ್ಟು ತುಳಿಯುವುದನ್ನು ಕಲಿತ. ಇಷ್ಟಕ್ಕೆಲ್ಲ ಯಾರು ದೂರುತ್ತಾರೆ? ರಿಪೇರಿಯವನು ಅಂಗಡಿಗೆ ಬಂದವರಿಗೆಲ್ಲ ಆ ಸೈಕಲ್ಲಿನ ಕತೆ ಹೇಳಿದ್ದೇ ಹೇಳಿದ್ದು.

ಆಮೇಲೆ ಮಳೆ ಬಂತು.

ಮಳೆ ಹಿಡಿದು ಎಂಟನೆಯ ದಿನ, ಬೆಳಗಿನ ಹೊತ್ತು, ಮೇಲಿನ ಹಟ್ಟಿಯಿಂದ ಒಬ್ಬ ಮನುಷ್ಯ ಓಡಿ ಬಂದ. ಅವನ ಹೆಂಡತಿಗೆ ನೋವು ಶುರುವಾಗಿತ್ತು. ಚೊಚ್ಚಲ. ಅವಳು ಹುಟ್ಟಿದಾಗ ಹೊಕ್ಕುಳಬಳ್ಳಿ ಕತ್ತರಿಸಿದವಳೂ ಈ ಸೂಲಗಿತ್ತಿಯೇ. ಬಂದವನು ನಿಂತು ನೀರು ಕೂಡ ಕುಡಿಯದೆ ಕಾಲುದಾರಿಯಲ್ಲಿ ವಾಪಸು ಓಡಿದ. ಗಂಡ ಸೈಕಲ್ ತೆಗೆದ. "ನೀ ಹೆದರಬೇಡ, ಅವನಿಗಿಂತ ಮುಂಚೆ ಹೋಗ್ತೀವಿ," ಎಂದ.

ಕಲ್ಲಿನ ಫರ್ಲಾಂಗು ದಾಟುವವರೆಗೆ ಅವನ ಮಾತು ನಿಜವಾಗಿತ್ತು. ಅದರಾಚೆಗೆ ಜೇಡಿಮಣ್ಣಿನ ದಾರಿ. ಮಳೆಯಲ್ಲಿ ಆ ಮಣ್ಣು ಕಲಸಿದ ಹಿಟ್ಟಿನಂತಾಗುತ್ತದೆ. ದಪ್ಪ ಟೈರು ಅದನ್ನು ಕೆಳಗಿನಿಂದ ಎತ್ತಿಕೊಂಡು ಹೋಗಿ ಫ್ರೇಮಿನ ಸಂದಿಗೆ ತುಂಬಿತು. ಒಂದು ಅಂಚೆ ಕಾರ್ಡು ಹೋಗುವಷ್ಟು ಜಾಗ ತುಂಬಲು ಎಷ್ಟು ಹೊತ್ತು ಬೇಕು? ಇಪ್ಪತ್ತು ಮಾರು ಹೋಗುವುದರೊಳಗೆ ಹಿಂಚಕ್ರ ನಿಂತುಹೋಯಿತು. ಮುಂಚಕ್ರವೂ ನಿಂತಿತು. ಇಳಿದು ತಳ್ಳಿದರೆ ಸೈಕಲ್ ಜಾರಿತೇ ಹೊರತು ಉರುಳಲಿಲ್ಲ.

ಗಂಡ ಬೆರಳಿನಿಂದ ಕೆಸರು ಕೀಳಲು ನೋಡಿದ. ಬೆರಳು ಹೋಗಲಿಲ್ಲ. ನಟ್ಟು ಬಿಚ್ಚುವ ಪಾನ ತೆಗೆದು ಚಕ್ರವನ್ನೇ ಬಿಚ್ಚಿ, ಮಣ್ಣು ಒರೆಸಿ, ಮತ್ತೆ ಹಾಕಿದ. ಹತ್ತು ಮಾರು ಹೋಯಿತು, ಮತ್ತೆ ನಿಂತಿತು. ಮತ್ತೆ ಬಿಚ್ಚಿದ. ಮಳೆ ಸುರಿಯುತ್ತಲೇ ಇತ್ತು. ಸೂಲಗಿತ್ತಿ ಗಂಟನ್ನು ಸೆರಗಿನೊಳಗೆ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದಳು.

"ಹೋದ ವರ್ಷ ಇದೇ ದಾರಿ, ಇದೇ ಕೆಸರು," ಎಂದ ಅವನು. "ಆವಾಗ ಹಿಂಗಾಗ್ತಿರಲಿಲ್ವಲ್ಲ."

"ಆಯ್ತಿತ್ತು," ಎಂದಳು ಅವಳು. "ಪ್ರತಿ ಮಳೆಗಾಲದಲ್ಲೂ ಆಯ್ತಿತ್ತು. ನೀವು ಉಸಿರು ತಗೊಳಕ್ಕೆ ಅಂತ ನಿಲ್ಸಿದಾಗೆಲ್ಲ ನಾನು ಹಿಂದೆ ಇಳಿದು ಕಡ್ಡಿ ತೂರ್ಸಿ ಕೆಸರು ಕೀಳ್ತಿದ್ದೆ. ಆಗ ಕಡ್ಡಿ ತೂರೋವಷ್ಟು ಜಾಗ ಇತ್ತು."

ಗಂಡನ ಕೈ ನಿಂತಿತು. ಹನ್ನೆರಡು ವರ್ಷ ಆ ಸೈಕಲ್ ತುಳಿದವನು ಅವನು. ಮಳೆಗಾಲದಲ್ಲಿ ಅದು ಯಾಕೆ ಓಡುತ್ತಿತ್ತು ಎಂಬುದು ಅವನಿಗೆ ಆ ದಿನ ಮೊದಲ ಸಲ ತಿಳಿಯಿತು. ಮನೆಗೆ ಬಂದ ಮೇಲೆ ಅದನ್ನು ತೊಳೆದು ಒರೆಸಿ ಇಡುತ್ತಿದ್ದವಳೂ ಅವಳೇ. ಆದ್ದರಿಂದ ರಿಪೇರಿಯವನೂ ಆ ಫ್ರೇಮಿನಲ್ಲಿ ಒಂದು ದಿನವಾದರೂ ಕೆಸರು ಕಂಡವನಲ್ಲ. ಟೈರಿಗೂ ಫ್ರೇಮಿಗೂ ನಡುವೆ ಇದ್ದ ಜಾಗ ಅವರಿಬ್ಬರಿಗೂ ಬರೀ ಖಾಲಿ ಜಾಗವಾಗಿ ಕಂಡಿತ್ತು. ಖಾಲಿ ಇದ್ದದ್ದನ್ನು ತುಂಬಿದ್ದರು.

ಅವಳು ಇಷ್ಟು ಹೇಳಿದ ಮೇಲಾದರೂ ಸೈಕಲ್ಲನ್ನು ಅಲ್ಲೇ ಬಿಸಾಡಿ ನಡೆಯಬೇಕಿತ್ತು. ಅವನಿಗೆ ಆಗಲಿಲ್ಲ. ತಾನು ಅವಳಿಗಾಗಿ ಮಾಡಿದ ಒಂದೇ ಒಂದು ದೊಡ್ಡ ಕೆಲಸ ಅದು. "ಇನ್ನೊಂದು ಸಲ," ಎಂದ. ಬಿಚ್ಚಿದ, ಒರೆಸಿದ, ಹಾಕಿದ. ಅವಳು ಇನ್ನೊಂದು ಸಲ ಕಾದಳು. ಮೂವತ್ತು ವರ್ಷ ಆ ಗಂಡಸಿನ ಜೊತೆ ಬಾಳಿದ ಹೆಂಗಸು. ಅವನ ಮುಖಕ್ಕೆ ಹೊಡೆದ ಹಾಗೆ ಎದ್ದು ಹೋಗಲು ಅವಳಿಗೂ ಮನಸ್ಸು ಬರಲಿಲ್ಲ. ಹಾಗೆ ಇಬ್ಬರೂ ಒಬ್ಬರ ಮೇಲೊಬ್ಬರಿಗಿದ್ದ ಪ್ರೀತಿಯಲ್ಲೇ ಆ ಕೆಸರಿನಲ್ಲಿ ಒಂದು ಗಂಟೆ ಕಳೆದರು. ಇದನ್ನು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಗೊತ್ತಾಗುವುದಿಲ್ಲ.

ಕೊನೆಗೆ ಅವಳು ಗಂಟನ್ನು ತಲೆಯ ಮೇಲಿಟ್ಟುಕೊಂಡು ಹೊರಟಳು. ಮಂಡಿ ಹಿಡಿದುಕೊಂಡು, ಜಾರುತ್ತ, ಏಳುತ್ತ ಹೋದಳು. ಅವನು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದು, ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಹಿಂದೆ ಹೋದ.

ಅವಳು ಹಟ್ಟಿ ಮುಟ್ಟಿದಾಗ ಮಗು ಹುಟ್ಟಿಯಾಗಿತ್ತು. ಹೆಣ್ಣುಮಗು, ಗಟ್ಟಿಯಾಗಿ ಅಳುತ್ತಿತ್ತು. ಆದರೆ ಮಾಸು ಹೊರಗೆ ಬಂದಿರಲಿಲ್ಲ, ತಾಯಿಗೆ ರಕ್ತ ನಿಂತಿರಲಿಲ್ಲ. ನೆರೆಯ ಹೆಂಗಸರು ತಮಗೆ ತಿಳಿದದ್ದನ್ನೆಲ್ಲ ಮಾಡಿದ್ದರು. ಸೂಲಗಿತ್ತಿ ಕೈ ತೊಳೆದುಕೊಂಡು ಕೂತಳು. ಅವಳ ಕೈ ಮಾಡಬೇಕಾದದ್ದನ್ನು ಮಾಡಿತು, ಮಾಸು ಬಂತು. ರಕ್ತ ಮಾತ್ರ ಆಗಲೇ ಹರಿದುಹೋಗಿತ್ತು. ಆ ಹುಡುಗಿ ಕಣ್ಣು ತೆರೆದು, ಇವಳ ಗುರುತು ಹಿಡಿದು, "ಅವ್ವಾ, ಬಂದ್ಯಾ," ಎಂದಳು. ಮಧ್ಯಾಹ್ನ ಮುಗಿಯುವುದರೊಳಗೆ ಹೋಗಿಬಿಟ್ಟಳು.

ಸೂಲಗಿತ್ತಿ ಮಗುವನ್ನು ಮೀಯಿಸಿದಳು. ಬಟ್ಟೆಯಲ್ಲಿ ಸುತ್ತಿ ಅಪ್ಪನ ಕೈಗೆ ಕೊಟ್ಟಳು. ಅವನು ಯಾಕೆ ತಡವಾಯಿತು ಎಂದು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಗಂಡ ಹಟ್ಟಿಯ ಹೊರಗೆ ಸೈಕಲ್ ಇಳಿಸಿ ನಿಂತಿದ್ದ. ಒಳಗಿನ ಅಳು ಕೇಳಿ ಅವನು ಒಳಕ್ಕೆ ಬರಲಿಲ್ಲ.

ಮರುದಿನ ಅವನು ಸೈಕಲ್ಲನ್ನು ರಿಪೇರಿಯವನ ಅಂಗಡಿಗೆ ಕೊಂಡುಹೋದ. ಬೈಯುವುದಕ್ಕೆ ಅವನಲ್ಲಿ ಶಕ್ತಿ ಇರಲಿಲ್ಲ. ರಿಪೇರಿಯವನು ಆಗಲೇ ಸುದ್ದಿ ಕೇಳಿದ್ದ. ಅಟ್ಟದ ಮೇಲೆ ತೂಗುಹಾಕಿದ್ದ ಹಳೆಯ ಚಿಕ್ಕ ಚಕ್ರಗಳನ್ನು ಇಳಿಸಿ ಹಾಕಿಕೊಟ್ಟ. ಬ್ರೇಕಿನ ಪಟ್ಟಿಗಳನ್ನು ಬಿಚ್ಚಿದ. ಕುಟ್ಟಿ ತಗ್ಗು ಮಾಡಿದ ಕೊಳವೆಗಳನ್ನು ಮಾತ್ರ ಮೊದಲಿನಂತೆ ಮಾಡಲು ಅವನಿಂದ ಆಗಲಿಲ್ಲ.

ಚಿಕ್ಕ ಚಕ್ರದ ಸೈಕಲ್ ಮನೆಗೆ ಬಂತು. ಗಂಡ ಕ್ಯಾರಿಯರಿನ ಮೇಲೆ ಹೊಸ ಗೋಣಿಚೀಲ ಮಡಿಸಿ ಹಾಕಿದ. ಒಂದು ಗಟ್ಟಿ ಬಿದಿರುಕಡ್ಡಿಯನ್ನು ಸೀಳಿ, ನಯ ಮಾಡಿ, ಫ್ರೇಮಿಗೆ ಕಟ್ಟಿದ. ಮುಂದಿನ ಸಲ ಮೇಲಿನಿಂದ ಕರೆ ಬಂದಾಗ ಸೈಕಲ್ಲನ್ನು ಬಾಗಿಲಿಗೆ ತಂದು ನಿಲ್ಲಿಸಿದ. ಸೂಲಗಿತ್ತಿ ಅದನ್ನು ನೋಡಿದಳು, ಕಡ್ಡಿಯನ್ನೂ ನೋಡಿದಳು. ಸಿಟ್ಟು ಮಾಡಲಿಲ್ಲ. ಗಂಟು ತಲೆಯ ಮೇಲಿಟ್ಟುಕೊಂಡು ನಡೆದೇ ಹೊರಟಳು. ಅಂದಿನಿಂದ ಅವಳು ಆ ಸೈಕಲ್ಲಿನಲ್ಲಿ ಕೂರಲಿಲ್ಲ. ಅವಳು ಮುಂದೆ ನಡೆಯುವಳು, ಅವನು ಖಾಲಿ ಸೈಕಲ್ ತಳ್ಳಿಕೊಂಡು ಹಿಂದೆ ನಡೆಯುವನು. ಮೂರು ಗಂಟೆಯ ದಾರಿ. ಕೆಲವು ಸಲ ಹೊತ್ತಿಗೆ ಸರಿಯಾಗಿ ಮುಟ್ಟುವರು, ಕೆಲವು ಸಲ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು. ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಹೊರಗೆ ನೇಯ್ಗೆಶಾಲೆಯ ಮಗ್ಗಗಳ ಸದ್ದು ನಿಂತಿತ್ತು. ಹೆಂಗಸರು ಊಟ ಮುಗಿಸಿ ಒಬ್ಬೊಬ್ಬರಾಗಿ ಮರದ ಕೆಳಗೆ ಬಂದು ಕೂರುತ್ತಿದ್ದರು.

ಚೆನ್ನಮಲ್ಲಪ್ಪನ ಕಣ್ಣು ಒದ್ದೆಯಾಗಿತ್ತು. ಅವನು ಪಾಳಿಯ ಹಾಳೆಯನ್ನು ಎತ್ತಿಕೊಂಡು ಎರಡಾಗಿ ಹರಿದ, ಮತ್ತೆ ನಾಲ್ಕಾಗಿ ಹರಿದ.

"ತಿಳಿಯಿತು ಗುರುಗಳೇ," ಎಂದ. "ಅವರ ಆ ಒಂದು ಗಂಟೆಯನ್ನು ನಾನು ಇನ್ನು ಮುಟ್ಟುವುದಿಲ್ಲ. ಅದು ಹಾಗೆಯೇ ಇರಲಿ ಎಂದು ನಿರ್ಧರಿಸಿದ್ದೇನೆ. ಆ ನಾಲ್ವರಿಗೆ ಇಲ್ಲಿ ಜಾಗವಿಲ್ಲವೆಂದು ಇಂದೇ ಹೇಳಿ ಕಳಿಸುತ್ತೇನೆ."

ಗುರುಗಳು ಮರದ ಕೆಳಗೆ ಕೂತಿದ್ದ ಹೆಂಗಸರ ಕಡೆಗೆ ನೋಡುತ್ತ ಹೇಳಿದರು:

"ಈಗಲೂ ನೀನು ಅವರನ್ನು ಕೇಳಲಿಲ್ಲ."